ಹಲ್ಲು, ಕಡಲೆ

ಖುದ್ದೂಸ್ ಉಸ್ತಾದರು ಕಲಿಸಿದ ಮೊದಲ ಪಾಠ
ಕಣ್ಣು ಮುಚ್ಚಿಕೊಂಡು ಹಲ್ಲು ಎಣಿಸುವುದು.
ಸೀಮೆಎಣ್ಣೆ ಬಾಣಲೆಯಿಂದ ಒಂದು ಗೇರು ತೆಗೆದು
ಅಂಗೈಗಿಡುವರು: ಹೇಳು, ಎಷ್ಟು?
ಮೂವತ್ತೊಂದು ಅಂದೆ. ತಲೆಗೊಂದು ಮೊಟಕು.
ಇದ್ದದ್ದು ಮೂವತ್ತೆರಡು.
ಒಂದು ಸವೆದು, ಬೆರಳಿಗೆ ಸಿಗದೆ,
ನಾಚಿಕೊಂಡು ಕೂತಿತ್ತು.

ಕಲಾಸಿಪಾಳ್ಯದ ನಮ್ಮ ಓಣಿಯಲ್ಲಿ ಆಗ
ಕಾರಿಗೆ ನಾಲ್ಕೇ ಗೇರು,
ಲಿವರು ಸ್ಟೇರಿಂಗಿನ ಕುತ್ತಿಗೆಗೆ ಅಂಟಿರುತ್ತಿತ್ತು.
ಆಮೇಲೆ ನೆಲಕ್ಕಿಳಿಯಿತು, ಐದಾಯಿತು, ಆರಾಯಿತು.
ಹಾಲುಹಲ್ಲು ಉದುರಿಸಿಕೊಂಡ ಹುಡುಗರ ಹಾಗೆ
ವರ್ಷವರ್ಷವೂ ಬಾಯಿ ತುಂಬಿಕೊಂಡವು ಡಬ್ಬಿಗಳು.
ಆರನೆಯದನ್ನು ಹಾಕಲು ರಸ್ತೆ ಎಲ್ಲಿತ್ತು?
ಸಿಲ್ಕ್ ಬೋರ್ಡಿನಲ್ಲಿ ಒಂದು, ಎರಡು, ಒಂದು,
ಮತ್ತೆ ಒಂದು.
ನಾನು ಬಿಚ್ಚಿದ ಡಬ್ಬಿಗಳಲ್ಲಿ
ಮೊದಲೆರಡು ಗೇರು ಸವೆದು ಮುದುಕಾಗಿರುತ್ತಿದ್ದವು,
ಆರನೆಯದು ಪೆಟ್ಟಿಗೆಯಲ್ಲಿಟ್ಟ ಧಾರೆ ಸೀರೆ,
ಮಡಿಕೆ ಕೂಡ ಮುರಿದಿರುತ್ತಿರಲಿಲ್ಲ.
ಹಲ್ಲಿತ್ತು. ಕಡಲೆ ಇರಲಿಲ್ಲ.

ಎಡಗಾಲಿನ ಕಥೆ ಬೇರೆ.
ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ
ಹಿಂದಿನಿಂದ ಬಸ್ಸು ಮೂಸುತ್ತಿರುವಾಗ
ಕ್ಲಚ್ಚನ್ನು ಅರ್ಧಕ್ಕೆ ಹಿಡಿದು ನಡುಗಿದ ಕಾಲು
ಈ ಊರಿನ ಮೊಣಕಾಲಿನ ಡಾಕ್ಟರುಗಳನ್ನೆಲ್ಲ ಸಾಕಿತು.
ಇನ್ನು ಅವರ ಗತಿ ಏನೆಂದು ಯಾರೂ ಕೇಳುವುದಿಲ್ಲ.
ನನ್ನ ಗತಿ ಏನೆಂದು ಎಲ್ಲರೂ ಕೇಳುತ್ತಾರೆ.

ಮೊನ್ನೆ ಭಾನುವಾರ ಬಂದರು ಫಿಲೋಮಿನಾ ಡಾಕ್ಟರು,
ಆಸ್ಟಿನ್ ಟೌನಿನ ಹಲ್ಲಿನ ಡಾಕ್ಟರು,
ಹೊಸ ಬ್ಯಾಟರಿ ಕಾರಿನಲ್ಲಿ. ಏನೂ ಕೆಟ್ಟಿಲ್ಲ.
ಇಪ್ಪತ್ತೆರಡು ವರ್ಷದ ರೂಢಿ, ಒಂದು ಸಲ ನೋಡಪ್ಪ, ಅಂದರು.
ಕೆಳಗೆ ಜಾರಿ ಟಾರ್ಚು ಬಿಟ್ಟೆ.
ಡಬ್ಬಿ ಇತ್ತು, ಊಟದ ಡಬ್ಬಿಯಷ್ಟು.
ಒಳಗೆ ಎರಡೋ ಮೂರೋ ಚಕ್ರ ಇದ್ದಾವು,
ಬದಲಾಯಿಸಲು ಏನೂ ಇಲ್ಲ.
ಹಿಂದಕ್ಕೆ ಹೋಗಬೇಕಾದಾಗ ಎರಡರ ನಡುವೆ ತೂರಿ
ಜಗಳ ಬಿಡಿಸುವ ಸೋದರಮಾವನಂತೆ ನಿಲ್ಲುತ್ತಿದ್ದ
ಆ ಪುಟ್ಟ ಚಕ್ರವೂ ಇಲ್ಲ.
ಮೋಟಾರೇ ಮನಸ್ಸು ಬದಲಿಸಿ ಹಿಂದಕ್ಕೆ ತಿರುಗುತ್ತದೆ.
ಬೊಚ್ಚುಬಾಯಿ, ಅಂದೆ, ಕೈ ಒರೆಸಿಕೊಳ್ಳುತ್ತ.

ಡಾಕ್ಟರು ನಕ್ಕರು. ಇನ್ನು ಮುಂದೆ ಮತ್ತೆ
ಗೇರು ಬರುತ್ತಂತೆ, ಸಾಫ್ಟ್‌ವೇರಿನಲ್ಲಿ.
ಗುಂಡಿ ಒತ್ತಿದರೆ ಕಾರು ಬೇಕಂತಲೇ ಸಣ್ಣಗೆ ಮುಗ್ಗರಿಸಿ
ಇಲ್ಲದ ಇಂಜಿನ್ನಿನ ಏದುಸಿರನ್ನು
ಸ್ಪೀಕರಿನಲ್ಲಿ ಬಿಡುತ್ತದಂತೆ.
ಹಲ್ಲುಸೆಟ್ಟು ಅನ್ನಿ.
ಹೂಂ, ರಾತ್ರಿ ತೆಗೆದು ಲೋಟದಲ್ಲಿಡಬಹುದು.

ಉಸ್ತಾದರ ಬಾಯಲ್ಲಿ ಕೊನೆಗೆ ಒಂದೂ ಉಳಿದಿರಲಿಲ್ಲ.
ಬನ್ನನ್ನು ಚಹಾದಲ್ಲಿ ಅದ್ದಿ ಚೀಪುತ್ತ ಹೇಳುತ್ತಿದ್ದರು:
ಕಸುವು ಬೇಕಾ, ನಿಧಾನ ಹೋಗು. ಓಟ ಬೇಕಾ, ಕಸುವು ಬಿಡು.
ಎರಡೂ ಒಟ್ಟಿಗೆ ಯಾರಿಗೂ ಸಿಗಲ್ಲ,
ಅದಕ್ಕೇ ಬೇಟಾ ಗೇರು.
ಈ ಮೋಟಾರಿಗೆ ಎರಡೂ ಸಿಕ್ಕ ಹಾಗಿದೆ, ಉಸ್ತಾದ್.
ಆದರೂ ಕಲ್ಲು ತುಂಬಿ ಘಾಟಿ ಹತ್ತುವ ಲಾರಿಗೆ
ಒಂದು ಸಾಲದು, ಎರಡು ಬೇಕಾದೀತು ಅನ್ನುತ್ತಾರೆ,
ಕೂಸಿಗೆ ಮೊದಲು ಬರುವ ಆ ಎರಡರ ಹಾಗೆ.
ವಸಡು ಒತ್ತಿ ನೋಡಲು ನನ್ನ ಬೆರಳಿನ್ನೂ ಇದೆ.

ನೀನೇ ಓಡಿಸು, ಅಂದರು.
ಸದ್ದಿಲ್ಲ. ಮಿನರ್ವ ಸರ್ಕಲ್ಲಿನಿಂದ ಟೌನ್ ಹಾಲ್ ತನಕ
ಜೆ.ಸಿ. ರಸ್ತೆ ಅಂಗಳದಂತೆ ಖಾಲಿ.
ಕಡಲೆ ಇತ್ತು.
ಸಿಗ್ನಲ್ಲಿನಲ್ಲಿ ನಿಂತೆ. ಎಡಗೈ ತಾನಾಗಿ ಇಳಿದು
ನ್ಯೂಟ್ರಲ್ಲಿಗೆ ಬಿದ್ದಿದೆಯೋ ಇಲ್ಲವೋ ಎಂದು
ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ ನೋಡಿತು.
ಕೈಯಲ್ಲಿದ್ದದ್ದು ಡಾಕ್ಟರ ನೀರಿನ ಬಾಟಲಿ.
ಒಳಗೆ ನೀರು ತುಳುಕಿತು.
ಅವರು ಕಿಟಕಿಯಾಚೆ ನೋಡುತ್ತಿದ್ದರು.
ಹಸಿರಿಗೆ ಇನ್ನೂ ನಲವತ್ತಮೂರು ಸೆಕೆಂಡು.